ನಾದಿನಿಯ ಮಾತ್ರೆ

...ಆ, ತಿರುಗ್ಕೊ, ಗೋಡೆ ಕಡೀಕೇ ತಿರುಗ್ಕೊ! ಕಿವಿ ಇತ್ತಗೇ ಇರ್ತದಲ್ಲ, ಸಾಕು. ತುತ್ತು ಬ್ಯಾಡ್ವಾ? ಬ್ಯಾಡ ಅಂದ್ರೆ ಬುಡು. ನಿಮ್ಮವ್ವ ಹೊಲಕ್ಕೆ ಓಗೋವಾಗ ಏನಂದ್ರು ಗೊತ್ತಾ? 'ಕುಮಾರಿ, ಭವ್ಯ ಉಂಡ್ಲಾ ನೋಡ್ಕೊ, ಮಾತ್ರೆ ನುಂಗ್ಸು' ಅಂತ. ನನ್ಗೆ! ಈ ಮನೇಲಿ ಬಂಜೆ ಅನ್ನಿಸ್ಕೊಂಡ ಸೊಸೆಗೆ!

ಯಾಕಮ್ಮಿ, ಮುಖ ಮುಚ್ಕೊಂಡೆ? ಗುಂಡ್ಲುಪೇಟೇಲಿ ನಿಮ್ಮತ್ತೇನೂ ಅದೇ ಮಾತು ಅಂದ್ರಂತಲ್ಲ. ಮದ್ವೆಯಾಗಿ ನಾಕ್ ವರ್ಸಕ್ಕೇ ತಂದು ತವರ್ಗೆ ಬುಟ್ಟೋದ್ರು. ಕೇಳಿ ನನ್ ಒಟ್ಟೆ ತಣ್ಣಗಾಯ್ತು ಕಣಮ್ಮಿ. ಸುಳ್ಳ್ಯಾಕೆ?

ತೆರಕಣಾಂಬೀಲಿ ನಿಮ್ ಚಿಕ್ಕವ್ವನ ಮಗಳ್ಗೆ ಮಡ್ಲಕ್ಕಿ ತುಂಬಿದ ದಿನ ಗ್ಯಾಪ್ಕ ಅದಾ? ತೊಂಬತ್ತೊಂದ್ರಲ್ಲಿ. ನಾನು ಬೊಗಸೆ ತುಂಬಾ ಅಕ್ಕಿ ಎತ್ಕೊಂಡಿದ್ದೆ... 'ಅತ್ಗೆ, ನೀವ್ ತುಂಬಬ್ಯಾಡಿ, ಅವ್ಳು ಬಸ್ರಿ ಹೆಂಗ್ಸು' ಅಂತ ನನ್ ಕೈ ತಳ್ಬುಟ್ಟೆ. ಅಷ್ಟ್ ಜನ್ದ ಮುಂದೆ! ಚೆಲ್ಲೋದ ಅಕ್ಕೀನ ನಾನೇ ಕುಂತ್ಕೊಂಡು ಆಯ್ದೆ.

ಆಮೇಲೆ ನಾನೂ ನಿನ್ನಂಗೇ ಬಿದ್ಕೊಂಡೆ. ತಲೆ ಬಾಚ್ನಿಲ್ಲ, ಒಟ್ಟೆ ಹಸೀನಿಲ್ಲ, ಮುಟ್ಟೂ ನಿಂತೋಯ್ತು. ಮೈಸೂರ್ ಡಾಕ್ಟರಮ್ಮ ಏನಂದ್ರು? 'ಮಗು ಆಗಲಿಲ್ಲ ಅಂತ ಮನಸ್ಸು ಕುಸಿದಿದೆ, ಮನಸ್ಸು ಕುಸಿದಿದ್ದಕ್ಕೆ ಮೈಯೂ ಹದ ತಪ್ಪಿದೆ. ಮೊದಲು ಮನಸ್ಸು ಸರಿಹೋಗಲಿ' ಅಂದ್ರು, ಮಾತ್ರೆ ಬರ್ಕೊಟ್ರು. ಅವನ್ನ ತಿಪ್ಪೆಗೆಸೆದೋಳು ಯಾರು? 'ಹುಚ್ಚರ ಮಾತ್ರೆ ನಮ್ಮನೇಲಿ ಬ್ಯಾಡ' ಅಂದೋಳು ಯಾರು? ನೀನೇ! ಈಗ ಅದೇ ಡಾಕ್ಟರಮ್ಮ, ಅದೇ ಮಾತ್ರೆ... ನಿನ್ಗೆ! ಅಳು. ಅಳು ಚೆನ್ನಾಗಿ. ನಾನೂ ಅತ್ತಿವ್ನಿ.

ಆಯ್ತು, ಕೈ ನೀಡು. ತಕ್ಕೊ, ನುಂಗು.

ಯಾಕೆ, ಅಂಗೈಲಿ ಇಟ್ಕೊಂಡು ಅಂಗ್ ನೋಡ್ತೀಯ? ಡಾಕ್ಟರಮ್ಮ ಬರೆದ ಮಾತ್ರೇನೇ ಕಣಮ್ಮಿ... ಕೆಂಪಗದೆ, ಅದ್ಕೇನೀಗ? ಇಪ್ಪತ್ತು ದಿನದಿಂದ ಇದ್ನೇ ತಾನೇ ನುಂಗ್ತಿರೋದು? ಏನಾರ ಅನ್ನು. ಬಯ್ಯಿ ಬೇಕಾದ್ರೆ! ನನ್ ಮುಖಾನೇ ನೋಡ್ತೀಯಲ್ಲ...

ಊಂ, ಅಲ್ಲ! ಅದು ನಿನ್ ಮಾತ್ರೆ ಅಲ್ಲ! ನಿನ್ನವು ನನ್ನ ಟ್ರಂಕ್‌ನಲ್ಲಿ ಅವೆ, ಒಂದೂ ಕೊಟ್ಟಿಲ್ಲ. ಇದು ನಾನು ಆಯಾ ಆಗಿರೋ ಅಂಗನವಾಡೀಲಿ ಬಸ್ರೀರ್ಗೆ ಕೊಡೋ ರಕ್ತದ ಮಾತ್ರೆ. ಬೇಕೂಂತಲೇ ಕೊಟ್ಟೆ. ನೀನೂ ನನ್ನಂಗೇ ಗೋಡೆ ನೋಡ್ಕೊಂಡು ಬಿದ್ದಿರ್ಲಿ ಅಂತ ಕೊಟ್ಟೆ! ಈಗೇನು? ಕೂಗ್ಕೋ, ನಿಮ್ಮಣ್ಣನ್ನ ಕರಿ, ನಾನ್ ಮಾಡಿದ್ನ ಏಳ್ಬುಡು!

...ಕೂಗದಿಲ್ವಾ? ಎಸಿ ಮತ್ತೆ ಅದ್ನ. ಎಸಿಯಮ್ಮಿ. ಯಾಕ್ ಮುಷ್ಟಿ ಬಿಗಿ ಹಿಡ್ದೆ? ...ಗೊತ್ತಿತ್ತಾ ನಿನ್ಗೆ? ಗೊತ್ತಿದ್ದೂ ದಿನಾ ನುಂಗ್ದ್ಯಾ?

...ಬಸ್ರೀರ ಮಾತ್ರೆ, ನುಂಗಿದ್ರೆ ನಿನ್ಗೂ ಬಸ್ರು ನಿಲ್ತದೆ ಅಂತಾನೇ?

ಅಯ್ಯೋ ನನ್ನವ್ವಾ... ಕೊಡಿಲ್ಲಿ. ಕೊಡು ಅಂದ್ರೆ! ಎರಡ್ ವರ್ಸ ನಾನೂ ಕದ್ದು ನುಂಗಿವ್ನಿ ಕಣಮ್ಮಿ, ಇದ್ನೇ... ಏನೂ ಆಗಲ್ಲ.