ಫಾದರ್‌ಗೆ ಯಾರು ಇಲ್ಲ ಅಂತಾರೆ?

…ಅವಳು ಸವಾ, ಸರಿ ಸರಿ ಅಂದ್ಲು, ಅಷ್ಟಕ್ಕೇ ನೀನು ನಂಬಿಬಿಟ್ಯಾ? ಗ್ರೇಸ್ ಈ ಮನೆ ಕೆಲಸಕ್ಕೆ ಬಂದು ಎಂಟು ವರ್ಷ ಆಯ್ತು, ಒಂದಿನಾದ್ರೂ ಆಗಲ್ಲ ಅಂದಿದ್ದಾಳಾ? ಭಾನುವಾರಾನೂ ಬರ್ತೀಯಾ ಅಂದ್ರೆ ಸವಾ, ಊಟ ಆಯ್ತಾ ಅಂದ್ರೂ ಸವಾ. ಕೂತ್ಕೊಳ್ಳಿ ಇಬ್ರೂ, ಫೋನ್ ಆ ಕಡೆ ಇಡಿ. ನೀವು ಇಂಗ್ಲಿಷಲ್ಲೇ ಮಾತಾಡಿ, ಪರವಾಗಿಲ್ಲ, ನಾನು ಕನ್ನಡದಲ್ಲೇ ಹೇಳ್ತೀನಿ. ಇಂಥದ್ದೇ ಒಂದು ‘ಹೂಂ’ ನಂಬ್ಕೊಂಡು ನಿಮ್ಮ ಫಾದರ್ ಅಜ್ಜ, ಅಂದ್ರೆ ಈ ನಾನೇ, ಒಬ್ಬ ಹೆಂಗಸಿನ ಎರಡು ವರ್ಷ ಹಾಳು ಮಾಡಿದೀನಿ.

ರೋಮ್‌ನಲ್ಲಿ ಚರ್ಚಿನ ಕಾನೂನು ಓದಿ, ಮಂಗಳೂರಲ್ಲಿ ಒಂದ್ವರ್ಷ ಇದ್ದು, ಅಲ್ಲಲ್ಲ, ಒಂದೂವರೆ ವರ್ಷ, ಆಮೇಲೆ ಇಲ್ಲಿಗೆ ಬಂದೆ. ಆಫ್ರಿಕಾ ಅಂದ್ರೆ ಬಿಸಿಲು ಅಂದ್ಕೊಂಡು ಒಂದೇ ಸ್ವೆಟರ್ ತಂದಿದ್ದೆ ನೋಡು, ಜುಲೈ ತಿಂಗಳ ಚಳೀಲಿ ಹಲ್ಲು ಕಟಕಟಿಸ್ತಾ ಕೂತಿರ್ತಿದ್ದೆ. ಚರ್ಚಿಗೂ ಒಂದು ಕೋರ್ಟಿದೆ, ಗೊತ್ತಲ್ಲ? ಒಬ್ಬರ ಮದುವೆ ನಿಜವಾಗ್ಲೂ ಮದುವೆ ಆಗಿತ್ತಾ, ಇಲ್ಲಾ ಬರೀ ಬಲವಂತಾನಾ, ಅದನ್ನ ವಿಚಾರಿಸೋದು. ಅಲ್ಲಿ ಹೇಳಿಕೆ ಬರ್ಕೊಳ್ಳೋದು ನನ್ನ ಮೊದಲ ಕೆಲಸ. ಆಗ ಬಂದವಳು ಜೆಸಿಂಟಾ, ನ್ಗಾರಾ ಮಾರ್ಕೆಟ್ಟಲ್ಲಿ ತರಕಾರಿ ಮಾರೋಳು. ಹದಿನೆಂಟಕ್ಕೆ ಅವಳ ಚಿಕ್ಕಪ್ಪ ಯಾರಿಗೋ ಕಟ್ಟಿಬಿಟ್ಟಿದ್ದ, ನಾಲ್ಕೇ ತಿಂಗಳಿಗೆ ಓಡಿ ಬಂದಿದ್ಲು. ಆಮೇಲೆ ಒಬ್ಬ ಒಳ್ಳೆ ಮನುಷ್ಯ ಸಿಕ್ಕಿದ, ಮಟಾಟು ವ್ಯಾನಲ್ಲಿ ಜನ ಹತ್ತಿಸ್ಕೊಂಡು ಓಡಿಸೋನು, ಒಬ್ಬಳು ಮಗಳು. ಆದ್ರೆ ಹಳೇ ಮದುವೆ ಮದುವೇನೇ ಅಲ್ಲ ಅಂತ ನಾವು ಹೇಳೋವರೆಗೂ ಇವರಿಗೆ ಚರ್ಚಲ್ಲಿ ಮದುವೆ ಇಲ್ಲ, ಪೂಜೇಲಿ ಅವಳಿಗೆ ಪರಮಪ್ರಸಾದಾನೂ ಇಲ್ಲ. “ಮುಂದಿನ ವರ್ಷ ಮಗಳ ಮೊದಲ ಪರಮಪ್ರಸಾದ, ಫಾದರ್. ಅವಳ ಪಕ್ಕ ನಿಂತು ನಾನೂ ತಗೋಬೇಕು, ಅಷ್ಟೇ,” ಅಂದ್ಲು.

ನಾನು ಪ್ರಶ್ನೆಪಟ್ಟಿ ತೆಗೆದೆ. ನೀನು ಮನಸಾರೆ ಒಪ್ಪಿದ್ಯಾ? “ನ್ಡಿಯೋ, ಫಾದರ್.” ನ್ಡಿಯೋ ಅಂದ್ರೆ ಹೌದು, ನಿಮಗೇ ಗೊತ್ತು. ಚಿಕ್ಕಪ್ಪ ನಿನ್ನ ಒಳ್ಳೇದಕ್ಕೇ ಮಾಡಿದ್ನಾ? “ನ್ಡಿಯೋ, ಫಾದರ್.” ಒಂಬತ್ತು ಪ್ರಶ್ನೆಗೆ ಒಂಬತ್ತು ನ್ಡಿಯೋ. ಓದಿ ಹೇಳಿದೆ, ಸರಿನಾ ಅಂದೆ, ಅದಕ್ಕೂ ನ್ಡಿಯೋ, ಸಹಿ ಹಾಕಿದ್ಲು. ಅದೇ ಕಾಗದ ನೋಡಿ ನ್ಯಾಯಾಧೀಶ ಫಾದರ್‌ಗಳು ಮದುವೆ ಸರಿಯಾಗೇ ಇದೆ ಅಂದ್ಬಿಟ್ರು. ಆ ತೀರ್ಪನ್ನ ಅವಳಿಗೆ ತಿಳಿಸಿದವನೂ ನಾನೇ. ಅಸಾಂಟೆ, ಥ್ಯಾಂಕ್ಸ್ ಅಂದು ಹೊರಟೋದ್ಲು. ನಾನೋ, ಕಾನೂನು ಪ್ರಕಾರ ಎಲ್ಲಾ ಅಚ್ಚುಕಟ್ಟು ಅಂತ ಬೀಗ್ತಾ ಇದ್ದೆ.

ಮಗಳ ಪರಮಪ್ರಸಾದದ ದಿನ ಪೂಜೆಗೆ ನಾನೂ ಹೋಗಿದ್ದೆ. ಬಿಳೀ ಫ್ರಾಕಿನ ಆ ಹುಡುಗಿಗೆ ನಾನೇ ಕೊಟ್ಟೆ. ತಲೆ ಎತ್ತಿ ನೋಡ್ತೀನಿ, ಜೆಸಿಂಟಾ ಬೆಂಚಲ್ಲಿ ಕೂತೇ ಇದಾಳೆ. ಆ ಸಾಲಿನವರೆಲ್ಲ ಅವಳ ಮಂಡಿ ದಾಟ್ಕೊಂಡು ಬರ್ತಾ ಇದಾರೆ, ಅವಳು ಪ್ರತಿಯೊಬ್ಬರಿಗೂ ಕಾಲು ಸರಿಸಿ ದಾರಿ ಬಿಡ್ತಾ ಇದಾಳೆ.

ಆಮೇಲಿನ ವಾರ ನ್ಗಾರಾಕ್ಕೆ ತರಕಾರಿಗೆ ಹೋದೆ. ಸಗಟು ವ್ಯಾಪಾರಿ ಒಬ್ಬ ಕೊಳೆತ ಟೊಮೆಟೊ ಬುಟ್ಟಿ ಜೆಸಿಂಟಾ ತಲೆಗೆ ಕಟ್ಟೋಕೆ ನೋಡ್ತಿದ್ದಾನೆ, ಇವಳು ಹಪಾನಾ ಅಂತಾಳೆ, ಬೇಡ ಅಂತ. ಅವನು ಪುಸಲಾಯಿಸ್ತಾನೆ, ಹಪಾನಾ. ಜೋರು ಮಾಡ್ತಾನೆ, ಹಪಾನಾ. ನಾನು ಅಲ್ಲೇ ನಿಂತ್ಬಿಟ್ಟೆ. ಇವಳಿಗೆ ಇಲ್ಲ ಅನ್ನೋಕೆ ಬರುತ್ತಲ್ಲ! ಕೇಳೇಬಿಟ್ಟೆ, ನನ್ನ ಹತ್ರ ಯಾಕಮ್ಮ ಅನ್ನಲಿಲ್ಲ ಅಂತ. ಸೆರಗಿಗೆ, ಅಲ್ಲ, ಭುಜದ ಮೇಲಿನ ಬಟ್ಟೆಗೆ ಕೈ ಒರೆಸ್ಕೊಂಡು ಮೆತ್ತಗೆ ಹೇಳಿದ್ಲು: “ಫಾದರ್‌ಗೆ ಯಾರು ಇಲ್ಲ ಅಂತಾರೆ? ಚಿಕ್ಕಪ್ಪಂಗೂ ನಾನು ಹೌದು ಅಂತಾನೇ ಅಂದಿದ್ದೆ.”

ನಾವೇನು ಬೇರೆನಾ? ಇಲ್ಲೇ ಕೂತಿರೋ ನಿಮ್ಮಜ್ಜಿನ, ನನ್ನ ತಂಗಿ ಈ ಲಿಲ್ಲಿನ, ನಮ್ಮಪ್ಪ ಹುಡುಗ ಒಪ್ಪಿಗೇನಾ ಅಂತ ಕೇಳಿದಾಗ ಇವಳು ನೆಲ ನೋಡ್ಕೊಂಡು ಹೂಂ ಅಂದಿದ್ಲು. ನಗ್ಬೇಡ ಲಿಲ್ಲಿ, ನಿನ್ನ ಪುಣ್ಯ, ಭಾವ ಒಳ್ಳೆಯವರಿದ್ರು. ಮನೇಲಿ ಇಷ್ಟು ನೋಡಿಯೂ ನನಗೆ ಹೊಳೀಲಿಲ್ಲ, ನೋಡಿ.

ಪ್ರಶ್ನೆ ಕೇಳಿದ ರೀತೀನೇ ತಪ್ಪು, ತಪ್ಪು ನನ್ನದು ಅಂತ ಬರೆದುಕೊಟ್ಟೆ. ನಮ್ಮ ಮುಖ್ಯಸ್ಥರು, ಆ ಹೆಂಗಸು ಸರಿಯಾಗಿ ಹೇಳಲಿಲ್ಲ ಅಂತ ಬರೀ ಸಾಕು, ನಿನ್ನ ಹೆಸರು ಯಾಕೆ ಕೆಡಿಸ್ಕೋತೀಯಾ ಅಂದ್ರು. ನಾನು ಒಪ್ಪಲಿಲ್ಲ. ಮೇಲ್ಮನವಿ ಆಯ್ತು, ಮತ್ತೆ ಹೇಳಿಕೆ. ಈ ಸಲ ಪಟ್ಟಿ ಇಲ್ಲ. ಮದುವೆ ಹಿಂದಿನ ದಿನ ಬೆಳಗ್ಗೆ ಎದ್ದಾಗಿಂದ ಹೇಳು ಅಂದೆ, ಬಾಯಿ ಮುಚ್ಕೊಂಡು ಕೂತೆ. ಊಟದ ಹೊತ್ತಿನವರೆಗೂ ಮಾತಾಡಿದ್ಲು. ಇವಳು ಒಪ್ಪೋವರೆಗೂ ಚಿಕ್ಕಪ್ಪ ಇವಳಮ್ಮನ್ನ ಗಂಟುಮೂಟೆ ಸಮೇತ ಅಂಗಳದಲ್ಲಿ ನಿಲ್ಲಿಸಿದ್ನಂತೆ. ಅದು ನನ್ನ ಪಟ್ಟಿಲಿ ಇರಲಿಲ್ಲ.

ಎರಡು ವರ್ಷ ಆದ್ಮೇಲೆ ಆ ಹಳೇ ಮದುವೆಯಿಂದ ಬಿಡುಗಡೆ ಸಿಕ್ತು. ಅವಳ ಮದುವೆ ನಾನೇ ಮಾಡಿಸಿದೆ. ಮಗಳು ಪಕ್ಕದಲ್ಲಿ ನಿಂತಿದ್ಲು, ಅಮ್ಮನ ಭುಜಕ್ಕೆ ಬಂದಿದ್ಲು ಆಗ್ಲೇ. ಪ್ರಸಾದ ಎತ್ತಿ ಹಿಡಿದೆ, ಜೆಸಿಂಟಾ ನನ್ನ ಕಣ್ಣು ನೋಡ್ಕೊಂಡೇ ಆಮೆನ್ ಅಂದ್ಲು. ಅದೊಂದನ್ನ ನಂಬಿದೆ. ಆದ್ರೆ ಆ ಬಿಳೀ ಫ್ರಾಕಿನ ದಿನ ವಾಪಸ್ ಕೊಡೋಕೆ ನನ್ನ ಕೈಲಿ ಆಗ್ಲಿಲ್ಲ ಮಗಾ, ಅದು ಈಗ್ಲೂ ಚುಚ್ಚುತ್ತೆ.

ಎದ್ದೇಳಿ ಈಗ. ಗ್ರೇಸ್‌ನ ಊಟ ಆಯ್ತಾ ಅಂತ ಕೇಳೋಕೆ ಹೋಗ್ಬೇಡಿ. ತಟ್ಟೆ ಹಾಕಿ, ಕುರ್ಚಿ ಎಳೀರಿ.