ಕಾಡಿನ ಬೆಂಕಿಗೆ ಸಾಕ್ಷಿ ಸಣ್ಣಸ್ವಾಮಿ

...ಕೂತ್ಕೊಳ್ಳಿ ಸತೀಶ್ ಸಾರ್, ಫಾರೆಸ್ಟ್ ಗಾರ್ಡು ಅಂದ್ರೆ ನಿಂತೇ ಇರ್ಬೇಕು ಅಂತ ಕಾನೂನಿದ್ಯಾ? ನಿನ್ನೆ ರಾತ್ರಿಯೆಲ್ಲ ಬೆಂಕಿ ಬಡಿದು ಬಡಿದು ಇದ್ದಿಲ ಮೂಟೆ ಥರ ಆಗಿದ್ದೀರ. ಕಾಫಿ ಕುಡೀರಿ. ಹೇಳಿದ್ನಲ್ಲ, ಬೋಜನೇ. ಆ ಜೇನು ಕೀಳೋ ಬೋಜ. ಪಂಜು ಹಿಡ್ಕೊಂಡು ಹೋಗಿದ್ದನ್ನ ಈ ಸಣ್ಣಸ್ವಾಮಿ ಕಣ್ಣಾರೆ ನೋಡಿದಾನೆ. ನಿಮ್ಮ ಸಾಹೇಬ್ರು ಅವನನ್ನ ಆಫೀಸಲ್ಲಿ ಕೂರಿಸ್ಕೊಂಡಿದ್ದು ಸರಿಯಾಗೇ ಇದೆ. ನಾನು ಬಂದು ಇದೊಂದು ಮಾತು ಹೇಳಿದ್ರೆ ಜೈಲು, ಮುಗೀತು.

ಯಾಕ್ ನಗ್ತೀರಿ? ಈಗೆಲ್ಲಿ ಜೇನು ಅಂತಾನಾ? ಕಾಫಿ ಹೂವೇ ಬಿಟ್ಟಿಲ್ಲ, ನಿಜ... ಹಾಗಾದ್ರೆ ಬೀಡಿ ಸೇದಿರ್ತಾನೆ. ಅದೂ ಬೇಡ, ಟೂರಿಸ್ಟುಗಳು ಅಂತ ಇಟ್ಕೊಳ್ಳಿ, ಹೊಳೆ ಹತ್ರ ಕೋಳಿ ಸುಟ್ಕೊಂಡು ಕುಣಿಯೋರು. ಇಲ್ಲಾಂದ್ರೆ ನಿಮ್ ಇಲಾಖೆನೇ! ಬೆಂಕಿ ಹರಡದ ಹಾಗೆ ಹುಲ್ಲು ಕೆರೆದು ಲೈನು ಮಾಡೋದು ಜೀಪು ಹೋಗೋ ಕಡೆ ಮಾತ್ರ. ಒಳಗೆ ನೋಡಿದ್ರೆ ಹೂಬಿಟ್ಟು ಸತ್ತ ಬಿದಿರು, ಎದೆಮಟ್ಟ ಒಣಗಿದ ಲಂಟಾನ ಪೊದೆ. ಅದಕ್ಕೆ ಕಡ್ಡಿ ಗೀರೋರು ಬೇರೆ ಬೇಕಾ? ಯಾರಾದ್ರೂ ಜೋರಾಗಿ ಕೆಮ್ಮಿದ್ರೂ ಸಾಕಿತ್ತು.

ನಷ್ಟ ಯಾರಿಗೆ? ನನಗೆ. ಮೊದ್ಲು ಒಂದು ಒಂಟಿ ಸಲಗ ಬರ್ತಿತ್ತು, ಮರ್ಯಾದಸ್ಥ, ಬಾಳೆ ತಿಂದು ತನ್ನ ಪಾಡಿಗೆ ಹೋಗ್ತಿತ್ತು. ಈಗ ಕಾಡು ಸುಟ್ಟೋಗಿ ಆನೆಗಳು ಸಂಸಾರ ಸಮೇತ ನಮ್ಮ ತೋಟದಲ್ಲೇ ಬಿಡಾರ ಹೂಡಿವೆ. ನನ್ನ ಹೆಂಡ್ತಿ ವನಜ ಹಿತ್ತಲಿಗೆ ಹೋಗೋಕೂ ಅವುಗಳ ಪರ್ಮಿಶನ್ ಕೇಳ್ಬೇಕು. ತೊರೆ ನೀರೆಲ್ಲ ಬೂದಿ. ಬೆಳಿಗ್ಗೆ ಒಂದು ಕಡವೆ ತನ್ನ ಮರಿ ಹುಡುಕ್ತಾ ಬಂದು ಇಲ್ಲೇ ನಿಂತಿತ್ತು ಸಾರ್... ನಂಗೂ ಹೊಟ್ಟೆ ಉರೀತು. ಇದು ಮಾತ್ರ ಸುಳ್ಳಲ್ಲ.

ನೀವು ಕಾಫಿ ಮುಟ್ಟೇ ಇಲ್ವಲ್ಲ.

ಬೇಲಿ ಕಡೆ ಯಾಕ್ ನೋಡ್ತೀರಿ? ಅಲ್ಲೇನಿಲ್ಲ. ಮಡಕೇಲಿ ಬೆರಣಿ ಇಟ್ಟು, ಮೆಣಸಿನಪುಡಿ ಸುರಿದು ಹೊಗೆ ಹಾಕೋದು... ಆನೆ ಬರ್ದಿರ್ಲಿ ಅಂತ ಕಾಡಂಚಲ್ಲಿ ಎಲ್ರೂ ಮಾಡ್ತಾರೆ. ಸಂಜೆ ಹಚ್ಚಿ ಪಕ್ಕದಲ್ಲೇ ಕಾವಲು ಕೂರ್ಬೇಕು, ಗೊತ್ತು. ನಿನ್ನೆ ಸಂಜೆ ಕುಶಾಲನಗರದಲ್ಲಿ ಬೀಗರೂಟ ಇತ್ತು, ಕುರಿಮರಿ ಕಡಿದಿದ್ರು. ಅದಕ್ಕೆ ಮಧ್ಯಾಹ್ನವೇ ಹಚ್ಚಿ, ಒಂಚೂರು ಅಡ್ಡಾದೆ. ಗಾಳಿ ಬರುತ್ತೆ ಅಂತ ಯಾರಿಗ್ಗೊತ್ತಿತ್ತು...

ಮಡಕೆ ವಿಷಯ ನೀವು ಕೇಳ್ಲೇ ಇಲ್ಲ, ಅಲ್ವಾ?

ಏನಾದ್ರೂ ಅನ್ನಿ ಸಾರ್. ಬೈಯೋದಾದ್ರೆ ಬೈರಿ. ಹಿಂಗೆ ಸುಮ್ನೆ ಕೂತ್ರೆ ನಾನೇನ್ ಮಾಡ್ಲಿ?

ಸರಿ. ಬೋಜನ ಕೈಲಿದ್ದದ್ದು ಪಂಜಲ್ಲ, ಹಸಿ ಸೊಪ್ಪು. ಗಾಳಿ ತಿರುಗಿ ಬೆಂಕಿ ನಮ್ಮನೆ ಕಡೆ ಬಂದಾಗ ಬಡಿದು ಆರ್ಸಿದ್ದು ಬೋಜನೇ. ನಾನು ಎದ್ದು ಬರೋ ಹೊತ್ಗೆ ಅವನ ಪಾದ ಬೆಂದಿತ್ತು. ಅದನ್ನ ನೋಡಿ ನಂಗೆ ಅಯ್ಯೋ ಅನ್ನಿಸ್ಲಿಲ್ಲ ಸಾರ್. ಇವನು ಮಡಕೆ ನೋಡ್ಬಿಟ್ಟ ಅಂತ ಹೆದರಿಕೆ ಆಯ್ತು. ಅದಕ್ಕೇ ಅವನು ಬಾಯಿ ತೆಗೆಯೋಕೆ ಮುಂಚೆ ನಾನೇ ತೆಗೆದೆ.

ಅವನು ನನ್ನ ಬಗ್ಗೆ ಏನಂದ? ತಲೆ ಅಲ್ಲಾಡಿಸ್ಬೇಡಿ, ಹೇಳಿ. ರಾತ್ರಿಯೆಲ್ಲ ಅಲ್ಲಿ ಕೂತು... ನನ್ನ ಹೆಸ್ರೇ ಎತ್ತಿಲ್ವಾ?

ವನಜಾ, ನನ್ನ ಅಂಗಿ ಕೊಡೆ. ಸಾರ್ ಜೊತೆ ಆಫೀಸಿಗೆ ಹೋಗ್ಬರ್ತೀನಿ.