ಎರಡು ಎಡತೋಳಿನ ಕೋಟು

ಬಸ್ಸಿಗಾಗಿ ನಿಂತ ಸಾಲಿನಲ್ಲಿ ನನ್ನ ಮುಂದೆ ಇದ್ದವರು ಅಕ್ಕ, ತಮ್ಮ. ಅಕ್ಕ ದರ್ಜಿ, ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಅದರ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು.

“ಅಂಗಡಿ ಬ್ಲಾಗಿನಲ್ಲಿ ಬಟ್ಟೆ ವಿಷಯ ಬರಿ ಅಂದ್ರೆ, ನಾನು ಕೋಟಿಗೆ ಎರಡೂ ಕಡೆ ಎಡತೋಳೇ ಹೊಲಿದಿದ್ದನ್ನ ಬರೆದಿದ್ದೀಯಲ್ಲೋ!”

“ಹೊಸ ಬಟ್ಟೆ ತಂದು ಸರಿಮಾಡಿ ಕೊಟ್ಟಿದ್ದನ್ನೂ ಬರೆದಿದ್ದೀನಲ್ಲಕ್ಕ.”

“ನನ್ನ ಮಾನ ಹರಾಜು ಹಾಕಿದೆ. ತೆಗೆದುಬಿಡು.”

“ಇವತ್ತು ಬಂದ ಹೊಸ ಗಿರಾಕಿಗಳೆಲ್ಲ ಅದನ್ನೇ ಓದಿ ಬಂದಿದ್ದು.”

“ಗೊತ್ತು. ಒಳಗೆ ಬಂದವರೇ ಅಲ್ಲಿ ನೇತುಹಾಕಿರೋ ಬಟ್ಟೆಗಳ ತೋಳು ನೋಡಿ ನಗ್ತಾರೆ.”

“ನಕ್ಕು, ಬಟ್ಟೆ ಕೊಟ್ಟೇ ಹೋಗ್ತಾರೆ ತಾನೆ?”

ಅಕ್ಕ ಬಸ್ಸು ಬಂತೇ ಎಂದು ಮತ್ತೆ ಇಣುಕಿದಳು.

“ನನ್ನ ಕಥೆಗಳನ್ನ ಯಾವ ಪತ್ರಿಕೆಯೂ ಹಾಕ್ಲಿಲ್ಲ ಅಕ್ಕ. ಜನ ಓದಿದ್ದು ಇದೊಂದೇ. ತೆಗೀಲಾ?”

ಬಸ್ಸು ಬಂತು. ಅಕ್ಕ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

“ಅದರ ಕೆಳಗೆ ನಿನ್ನ ಹೆಸರು ಯಾಕಿಲ್ಲ?”

“ಅಂಗಡಿ ನಿಂದಲ್ವಾ?”

“ಎಡವಟ್ಟು ಮಾಡಿದ್ದು ನಾನು ಅಂತ ಊರಿಗೆಲ್ಲ ಗೊತ್ತಾಯ್ತು. ಬರೆದಿದ್ದು ನೀನು ಅಂತಲೂ ಗೊತ್ತಾಗ್ಲಿ. ಹೆಸರು ಹಾಕು. ಹತ್ತೋ ಬೇಗ.”